ಕೊಂಬೆಯ ಮೇಲಿಂದ ಕಂಡ ಕಥೆ

ಒಂದು ಕಾಡಿನಲ್ಲಿ ಚಿಗುರಿ ಎಂಬ ಅಳಿಲಮ್ಮ ಇದ್ದಳು. ಬಿರುಗಾಳಿಗೆ ಅವಳ ಗೂಡು ಕಿತ್ತು ಬಿದ್ದಿತ್ತು. ಮೂರು ಮರಿಗಳನ್ನು ಹೇಗೋ ಉಳಿಸಿಕೊಂಡಿದ್ದಳು. ಮಳೆಗಾಲಕ್ಕೆ ಇನ್ನು ನಾಲ್ಕೇ ದಿನ. ಮರಿಗಳನ್ನು ಎಲ್ಲಿ ಮಲಗಿಸುವುದು?

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಮಳೆ ಹಿಡಿಯುವ ಮುನ್ನ ಎಲ್ಲರೂ ಹಿಪ್ಪೆಮರದ ಕೆಳಗೆ ಸೇರಿ ಕಥೆ ಹೇಳಬೇಕು. ಯಾರ ಕಥೆ ಮನಸ್ಸಿಗೆ ನಾಟುತ್ತದೋ ಅವರಿಗೆ ಆ ಮರದ ಬುಡದ ಪೊಟರೆ. ಒಂದು ಹನಿ ನೀರೂ ಒಳಗೆ ಬಾರದ ಪೊಟರೆ! ತೀರ್ಪು ಹೇಳುವವನು ಮುದಿ ಕರಡಿ ಬೋರಜ್ಜ.

ಮೊದಲ ಸಂಜೆ ಚಿಗುರಿ ತನ್ನ ಗೂಡು ಬಿದ್ದ ಕಥೆಯನ್ನೇ ಹೇಳಿದಳು. ಮೋಡ ಏನೆಂದುಕೊಂಡಿತು, ಗಾಳಿ ಏನೆಂದುಕೊಂಡಿತು, ಪಕ್ಕದ ಮರದ ಗೂಬೆ ಏನೆಂದುಕೊಂಡಿತು, ಕೊನೆಗೆ ದಾರಿಯಲ್ಲಿ ಹೋಗುತ್ತಿದ್ದ ಇರುವೆ ಏನೆಂದುಕೊಂಡಿತು ಎಂಬುದನ್ನೂ ಬಿಡಲಿಲ್ಲ. ಇರುವೆಯ ಸರದಿ ಬರುವಷ್ಟರಲ್ಲಿ ಕಾಡುಹಂದಿ ಗೊರಕೆ ಹೊಡೆಯುತ್ತಿತ್ತು. ಚಿಗುರಿಗೆ ಅಳುವೇ ಬಂತು.

"ಅಳಬೇಡ ಮಗಳೇ, ನಾಳೆ ಇನ್ನೊಂದು ಸಲ ಹೇಳು," ಎಂದ ಬೋರಜ್ಜ. "ಅಷ್ಟೊಂದು ಜನರ ಕಣ್ಣಲ್ಲಿ ನೋಡಿದರೆ ನಾವು ಯಾರಿಗೆ ಅಂತ ಮರುಗೋಣ? ಒಬ್ಬರ ಕಣ್ಣಲ್ಲಿ ತೋರಿಸು. ಈ ಕಥೆಯ ತಿರುಳೇನು ಅಂತ ಮೊದಲು ನೀನು ತಿಳ್ಕೋ."

ಮರುದಿನ ಬೆಳಿಗ್ಗೆ ಚಿಗುರಿ ಕೊಂಬೆಯ ಮೇಲೆ ಮರಿಗಳನ್ನು ಕೂರಿಸಿಕೊಂಡು ಕಥೆಯನ್ನು ಹೊಸದಾಗಿ ಕಟ್ಟಿ ಅವಕ್ಕೆ ಹೇಳಿದಳು. ಈ ಸಲ ಬರೀ ತಾನು ಕಂಡದ್ದು, ತಾನು ಹೆದರಿದ್ದು. ಕೆಳಗೆ ಪೊದೆಯಲ್ಲಿ ನರಿ ಕಿವಿ ನಿಮಿರಿಸಿ ಕೂತಿದ್ದನ್ನು ಅವಳು ಗಮನಿಸಲೇ ಇಲ್ಲ.

ಸಂಜೆ ನರಿ ಎಲ್ಲರಿಗಿಂತ ಮುಂಚೆ ಎದ್ದು ನಿಂತ. "ಒಬ್ಬ ತಾಯಿ ಅಳಿಲಿನ ಕಥೆ. ನಾನೇ ಕಟ್ಟಿದ್ದು!" ಎಂದು ಶುರುಮಾಡಿದ. ಅದು ಚಿಗುರಿಯದೇ ಕಥೆ! ಕೇಳುತ್ತ ಕೇಳುತ್ತ ಕಾಡುಹಂದಿಯೂ ಕಣ್ಣೊರೆಸಿಕೊಂಡಿತು.

"ಅದು ನನ್ನ ಕಥೆ!" ಎಂದು ಚಿಗುರಿ ಕೂಗಿದಳು.

"ಸಾಕ್ಷಿ ಏನಮ್ಮಾ?" ಎಂದು ನರಿ ಹಲ್ಲು ಕಿರಿದ.

ಬೋರಜ್ಜ ಮೂತಿ ಕೆರೆದುಕೊಂಡ. "ಕಥೆ ಚೆನ್ನಾಗಿದೆ ಕಣಯ್ಯ. ತಾಯಿ ತುದಿಕೊಂಬೆಯಿಂದ ಬಗ್ಗಿ ನೋಡಿದಳು ಅಂದೆಯಲ್ಲ, ಏನೇನು ಕಂಡಿತು? ಇನ್ನೊಂದಿಷ್ಟು ಹೇಳು."

ನರಿ ಹುಟ್ಟಿದಾಗಿನಿಂದ ಮರ ಹತ್ತಿದವನಲ್ಲ. ಆದರೆ ಜಂಬ ಬಿಡಬೇಕಲ್ಲ! "ಎಲೆಗಳ ಅಡಿಭಾಗ ಕಂಡಿತು. ಅದರಾಚೆ ಆಕಾಶ ಕಂಡಿತು," ಎಂದ.

ಕೋತಿ ಕೊಂಬೆಯಿಂದ ಜಾರಿ ಬೀಳುವಷ್ಟು ನಕ್ಕಿತು. "ಮಾವಾ, ಬಗ್ಗಿ ನೋಡಿದರೆ ಆಕಾಶ ಕಾಣುತ್ತದಾ? ಪೊದೆಯಲ್ಲಿ ಕೂತು ಮೇಲೆ ನೋಡಿದವರಿಗೆ ಕಾಣೋದು ಅದು!"

"ಹೋಗಲಿ, ತಿರುಳೇನು?" ಎಂದ ಬೋರಜ್ಜ.

"ತಿರುಳಾ? ಪೊಟರೆ ನನಗೆ ಸಿಗಬೇಕು ಅನ್ನೋದು..." ನರಿ ತೊದಲಿದ.

ಆಗ ಚಿಗುರಿ ಮುಂದೆ ಬಂದಳು. "ನಾನು ಬಗ್ಗಿ ನೋಡಿದೆ ಅಜ್ಜಾ. ನೆಲದ ಮೇಲೆ ನನ್ನ ಗೂಡು ನೆಲ್ಲಿಕಾಯಿಯಷ್ಟು ಚಿಕ್ಕದಾಗಿ ಕಂಡಿತು. ಎಲ್ಲ ಮುಗಿಯಿತು ಅನ್ನಿಸಿತು. ಅಷ್ಟರಲ್ಲಿ ಮೂರು ಪುಟ್ಟ ಬಾಲಗಳು ನನ್ನ ಹೊಟ್ಟೆಗೆ ತಾಕಿದವು. ಮರಿಗಳಿದ್ದ ಕಡೆಯೇ ನನ್ನ ಗೂಡು ಅಂದುಕೊಂಡೆ. ಅದೇ ತಿರುಳು."

ಆಗ ಕಿರಿಯ ಮರಿ ಕೀಚಲು ದನಿಯಲ್ಲಿ, "ಆದರೂ ಪೊಟರೆ ಬೇಕಮ್ಮಾ!" ಎಂದಿತು. ಇಡೀ ಕಾಡು ಗೊಳ್ಳೆಂದು ನಕ್ಕಿತು.

ಪೊಟರೆ ಚಿಗುರಿಗೆ ಸಿಕ್ಕಿತು. ಅದಕ್ಕೆ ಮೆತ್ತನೆಯ ಹಾಸು ಹಾಕುವ ಕೆಲಸ ನರಿಯ ಪಾಲಿಗೆ ಬಂತು. ಅವನು ಬಾಯಿತುಂಬ ಎಲೆ ಕಚ್ಚಿಕೊಂಡು ಬಂದಾಗಲೆಲ್ಲ ಕೋತಿ ಮೇಲಿಂದ ಕೇಳುತ್ತಿತ್ತು: "ಮಾವಾ, ಅದು ಎಲೆಯ ಮೇಲ್ಭಾಗವೋ, ಅಡಿಭಾಗವೋ?"

ನೀತಿ: ಕಥೆಯನ್ನು ಒಬ್ಬರ ಕಣ್ಣಿಂದ ನೋಡಿ, ಒಂದು ತಿರುಳು ಹಿಡಿದು ಹೇಳಬೇಕು. ಕದ್ದವರಿಗೆ ಮಾತು ಸಿಕ್ಕೀತು, ಕಂಡವರ ಕಣ್ಣು ಸಿಗದು.