ಮುಸುವ ಹೆಣೆದ ಸ್ಕಾರ್ಫ್

ಮಕ್ಕಳೇ, ನಮಗೆ ಗಂಟಲು ಕಟ್ಟಿದರೆ ಕಷಾಯ ಕುಡಿದು ಹೊದ್ದು ಮಲಗುತ್ತೇವೆ. ಆದರೆ ಬಿದಿರುಮೆಳೆ ಕಾಡಿನಲ್ಲಿ ಚೆನ್ನಿಗನ ಗಂಟಲು ಕಟ್ಟಿದರೆ ಇಡೀ ಕಾಡಿಗೇ ಕಷ್ಟ.

ಚೆನ್ನಿಗ ಒಂದು ಮುಸುವ. ಕಪ್ಪು ಮುಖ, ಉದ್ದ ಬಾಲ. ಕಾಡಿನ ನಡುವೆ ಒಂದು ಕೆರೆ, ಕೆರೆಯ ದಡದಲ್ಲಿ ದೊಡ್ಡ ಅತ್ತಿ ಮರ. ಆ ಮರದ ತುದಿಯಲ್ಲಿ ಕೂತು ಕಾವಲು ಕಾಯುವುದು ಅವನ ಕೆಲಸ. ಚಿರತೆ ದುಗ್ಗಪ್ಪ ಬರುವುದು ಕಂಡರೆ ಸಾಕು, "ಖ್ಯಾಕ್, ಖ್ಯಾಕ್" ಎಂದು ಕೂಗುತ್ತಿದ್ದ. ನೀರು ಕುಡಿಯುತ್ತಿದ್ದ ಜಿಂಕೆಗಳು ಓಡಿ ಪಾರಾಗುತ್ತಿದ್ದವು.

ಆ ವರ್ಷ ಚಳಿ ಜೋರಾಗಿತ್ತು. ಮರದ ತುದಿಯ ಗಾಳಿಗೆ ಚೆನ್ನಿಗನ ಗಂಟಲು ಕೂತುಹೋಯಿತು. ಮಾತು ಪಿಸುಪಿಸು ಬರುತ್ತಿತ್ತು. ಕೂಗಲು ಹೋದರೆ ಹಳೇ ಬಾಗಿಲು ತೆರೆದಂತೆ "ಕಿರ್ರ್" ಎಂಬ ಸದ್ದಷ್ಟೇ.

"ಕುತ್ತಿಗೆಗೆ ಬೆಚ್ಚಗೆ ಏನಾದರೂ ಸುತ್ತಿಕೊಳ್ಳಪ್ಪ," ಎಂದಳು ಜಿಂಕೆ ಹೊನ್ನಿ. "ನಮ್ಮ ಜೀವ ನಿನ್ನ ಗಂಟಲಲ್ಲಿದೆ. ಅಳಿಲಜ್ಜಿ ಪುಟ್ಟತಾಯಮ್ಮನ ಹತ್ತಿರ ಹೋಗು. ಕೊಕ್ಕೆಕಡ್ಡಿಯಲ್ಲಿ ದಾರ ಹೆಣೆಯುವ ಕ್ರೋಶಾ ಕೆಲಸದಲ್ಲಿ ಅವರದು ಎತ್ತಿದ ಕೈ."

ಪುಟ್ಟತಾಯಮ್ಮನ ಪೊಟರೆಯ ತುಂಬ ಉಣ್ಣೆಯ ಉಂಡೆಗಳು. ಕಾಡಂಚಿನಲ್ಲಿ ಕುರಿಮಂದೆ ಹಾದುಹೋದಾಗ ಮುಳ್ಳುಕಂಟಿಗೆ ಸಿಕ್ಕಿಕೊಂಡ ಉಣ್ಣೆಯನ್ನು ಅವಳು ಆಯ್ದು ತರುತ್ತಿದ್ದಳು. ಅದನ್ನು ಹೊಸೆದು ದಾರ ಮಾಡಿ, ಮುತ್ತುಗದ ಹೂವಿನ ಬಣ್ಣ ಹಾಕಿ ಸುತ್ತಿಡುತ್ತಿದ್ದಳು.

"ನಮ್ಮಜ್ಜಿ ಕಾಲದ ಸ್ಕಾರ್ಫ್ ಒಂದಿದೆ, ಹೇಳಿಕೊಡ್ತೀನಿ," ಎಂದಳು ಅಜ್ಜಿ. "ನೋಡೋಕೆ ಚೆಂದ, ಹೆಣೆಯೋಕೆ ಸುಲಭ. ನನಗೆ ಕೈನೋವು, ನೀನೇ ಹೆಣೆಯಬೇಕು ಮಗಾ." ಹೀಗೆಂದು ತುದಿಯಲ್ಲಿ ಕೊಕ್ಕೆಯಿದ್ದ ಒಂದು ಬಿದಿರುಕಡ್ಡಿಯನ್ನು ಅವನ ಕೈಗೆ ಕೊಟ್ಟಳು. "ಮೊದಲು ದಾರದಲ್ಲಿ ಒಂದು ಕುಣಿಕೆ ಮಾಡು. ಆಮೇಲೆ ಕಡ್ಡಿಯನ್ನು..."

"ಗೊತ್ತು ಅಜ್ಜಿ," ಎಂದ ಚೆನ್ನಿಗ.

ಚೆನ್ನಿಗನಲ್ಲಿ ಇದ್ದ ಒಂದೇ ಒಂದು ಕೆಟ್ಟ ಚಾಳಿ ಇದು. ಯಾರು ಏನು ಹೇಳಹೊರಟರೂ ಅರ್ಧಕ್ಕೇ "ಗೊತ್ತು" ಎಂದುಬಿಡುತ್ತಿದ್ದ.

"ಗೊತ್ತಿದ್ದರೆ ನಿನ್ನ ಹೆಬ್ಬೆರಳು ಯಾಕಪ್ಪ ಕುಣಿಕೆಯೊಳಗಿದೆ?" ಎಂದಳು ಅಜ್ಜಿ.

ಚೆನ್ನಿಗ ಹೆಬ್ಬೆರಳು ಬಿಡಿಸಿಕೊಂಡ. ಮತ್ತೆ ಹೆಣೆದ. ಈ ಸಲ ಬಾಲದ ತುದಿಯನ್ನೂ ಸೇರಿಸಿ ಹೆಣೆದುಬಿಟ್ಟ. ಅಜ್ಜಿ ಅದನ್ನೂ ಬಿಡಿಸಿದಳು. ಹಾಗೂ ಹೀಗೂ ದಾರವನ್ನು ಕೊಕ್ಕೆಯಿಂದ ಎಳೆದೆಳೆದು ಒಂದು ಉದ್ದನೆಯ ಸರಪಳಿಯಾಯಿತು. ಅದರ ಮೇಲೆ ಪುಟ್ಟ ಕಂಬಗಳಂಥ ಹೆಣಿಗೆಗಳು ಸಾಲು ಸಾಲಾಗಿ ಎದ್ದವು. ಚೆನ್ನಿಗನ ಬೆರಳು ಚುರುಕು, ಅದನ್ನು ಒಪ್ಪಲೇಬೇಕು. ಕೆಲವು ದಿನ ಕಳೆಯುವಷ್ಟರಲ್ಲಿ ಅಂಚಿಗೆ ಪುಟ್ಟ ಪುಟ್ಟ ಬೀಸಣಿಗೆ ಇಟ್ಟಂಥ ಕೇಸರಿ ಬಣ್ಣದ ಸ್ಕಾರ್ಫ್ ಸಿದ್ಧವಾಯಿತು.

"ಭೇಷ್," ಎಂದಳು ಪುಟ್ಟತಾಯಮ್ಮ. "ಈಗ ಕೊನೆಯದೊಂದು ಉಳಿದಿದೆ, ಗಮನವಿಟ್ಟು ಕೇಳು. ದಾರ ಕತ್ತರಿಸಿದ ಮೇಲೆ ಅದರ ತುದಿಯನ್ನು..."

"ಗೊತ್ತು, ಗೊತ್ತು," ಎಂದು ಚೆನ್ನಿಗ ಹಲ್ಲಿನಿಂದಲೇ ದಾರ ಕಚ್ಚಿ ತುಂಡರಿಸಿದ. ಸ್ಕಾರ್ಫನ್ನು ಕುತ್ತಿಗೆಗೆ ಸುತ್ತಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರಿಯೇಬಿಟ್ಟ.

ಕ್ರೋಶಾ ಎಂದರೆ ಎಲ್ಲವೂ ಒಂದೇ ದಾರ, ಮಕ್ಕಳೇ. ಒಂದು ಕುಣಿಕೆಯನ್ನು ಇನ್ನೊಂದು ಕುಣಿಕೆ ಹಿಡಿದುಕೊಂಡಿರುತ್ತದೆ. ಕೊನೆಯ ಕುಣಿಕೆಯನ್ನು ಹಿಡಿಯುವವರು ಯಾರೂ ಇಲ್ಲ. ಅದಕ್ಕೇ ದಾರದ ತುದಿಯನ್ನು ಅದರೊಳಗೆ ತೂರಿಸಿ ಬಿಗಿಯಾಗಿ ಎಳೆದು ಗಂಟು ಹಾಕಬೇಕು. ಅಜ್ಜಿ ಹೇಳಹೊರಟದ್ದು ಇದನ್ನೇ.

ದಾರದ ತುದಿ ಹೋಗಿ ಒಂದು ಮುಳ್ಳಿಗೆ ಸಿಕ್ಕಿಕೊಂಡಿತು. ಚೆನ್ನಿಗನಿಗೆ ಅದು ತಿಳಿಯಲಿಲ್ಲ. ತನ್ನ ಸ್ಕಾರ್ಫನ್ನು ಎಲ್ಲರಿಗೂ ತೋರಿಸುವ ಆತುರ ಅವನಿಗೆ. ಮೊದಲು ಮೊಲಗಳ ಬಿಲದ ಮುಂದೆ ನಿಂತು ಕುತ್ತಿಗೆ ತಿರುಗಿಸಿ ತೋರಿಸಿದ. ಆಮೇಲೆ ಕಾಡುಕೋಳಿಗಳಿಗೆ ತೋರಿಸಿದ. ಅವನು ಮುಂದೆ ಹೋದಷ್ಟೂ ಹಿಂದೆ ಪರಪರ ಎಂದು ಸ್ಕಾರ್ಫ್ ಬಿಚ್ಚಿಕೊಳ್ಳುತ್ತಿತ್ತು. ಹುಲ್ಲಿನ ಮೇಲೆ, ಪೊದೆಗಳ ಮೇಲೆ ಕೇಸರಿ ದಾರ ಹಾವಿನಂತೆ ಬಿದ್ದಿತ್ತು.

ಕೆರೆಯ ಹತ್ತಿರ ಹೊನ್ನಿ ಎದುರಾದಳು. "ಚೆನ್ನಿಗ, ನಿನ್ನ ಸ್ಕಾರ್ಫು..."

"ಗೊತ್ತು. ಬಹಳ ಚೆನ್ನಾಗಿದೆ."

"ಅದಲ್ಲಪ್ಪ, ಹಿಂದೆ ನೋಡು, ಅದು..."

"ಹಿಂದಿನಿಂದಲೂ ಚೆನ್ನಾಗಿದೆ, ಗೊತ್ತು," ಎಂದು ಅವನು ಅತ್ತಿ ಮರ ಹತ್ತಿದ.

ಸಂಜೆಯಾಯಿತು. ತುದಿಕೊಂಬೆಯಲ್ಲಿ ಗಾಳಿ ಬೀಸಿತು. ಚೆನ್ನಿಗ ನಡುಗುತ್ತಾ ಕುತ್ತಿಗೆ ಮುಟ್ಟಿ ನೋಡಿಕೊಂಡ. ಅಲ್ಲಿ ಉಳಿದಿದ್ದುದು ಒಂದೇ ಒಂದು ಎಳೆ. ಉಳಿದ ಸ್ಕಾರ್ಫೆಲ್ಲ ದಾರವಾಗಿ ಮರದಿಂದ ಕೆಳಗಿಳಿದು ಕೆರೆಯ ದಾರಿಯುದ್ದಕ್ಕೂ ಹರಡಿತ್ತು.

ಅದೇ ದಾರಿಯಲ್ಲಿ ದುಗ್ಗಪ್ಪ ಬರುತ್ತಿದ್ದ. ಹೊಟ್ಟೆಯನ್ನು ನೆಲಕ್ಕೆ ತಾಗಿಸಿ, ಸದ್ದಿಲ್ಲದೆ, ಒಂದೊಂದೇ ಹೆಜ್ಜೆ. ಕೆರೆಯಲ್ಲಿ ಹೊನ್ನಿ ತನ್ನ ಮರಿಗಳ ಜೊತೆ ತಲೆ ತಗ್ಗಿಸಿ ನೀರು ಕುಡಿಯುತ್ತಿದ್ದಳು.

ಚೆನ್ನಿಗ ಬಾಯಿ ತೆರೆದ. "ಕಿರ್ರ್" ಎಂದಿತು ಗಂಟಲು. ಮತ್ತೆ ಪ್ರಯತ್ನಿಸಿದ. ಅದೂ ಬರಲಿಲ್ಲ. ಅವನಿಗೆ ಅಳುವೇ ಬಂದಿತು. ಗಾಬರಿಯಿಂದ ಕೊಂಬೆಯ ಮೇಲೆ ಕುಪ್ಪಳಿಸತೊಡಗಿದ.

ಅವನು ಕುಪ್ಪಳಿಸಿದಾಗಲೆಲ್ಲ ಕುತ್ತಿಗೆಯ ದಾರ ಜಗ್ಗುತ್ತಿತ್ತು. ಕೆಳಗೆ ದುಗ್ಗಪ್ಪನ ಮೂಗಿನ ಮುಂದೆ ಅದು ಚಿಟುಕ್ಕನೆ ಅಲುಗಿತು.

ದುಗ್ಗಪ್ಪ ನಿಂತ. ದಾರ ನೋಡಿದ. ಜಿಂಕೆ ನೋಡಿದ. ಮತ್ತೆ ದಾರ ನೋಡಿದ.

ಚಿರತೆ ಎಷ್ಟೇ ದೊಡ್ಡದಾದರೂ ಬೆಕ್ಕಿನ ಜಾತಿಯೇ ತಾನೇ? ದಾರ ಇನ್ನೊಮ್ಮೆ ಚಿಟುಕ್ಕೆಂದಿತು. ದುಗ್ಗಪ್ಪ ಮುಂಗಾಲಿನಿಂದ ಮೆಲ್ಲಗೆ ತಟ್ಟಿದ. ಅದು ಸರಕ್ಕನೆ ಜಾರಿತು. ಅಷ್ಟೇ, ದುಗ್ಗಪ್ಪನಿಗೆ ಹಸಿವೂ ಮರೆತುಹೋಯಿತು, ಘನತೆಯೂ ಮರೆತುಹೋಯಿತು. ಛಂಗನೆ ನೆಗೆದು ದಾರ ಹಿಡಿದ. ಅಂಗಾತ ಬಿದ್ದು ನಾಲ್ಕೂ ಕಾಲಿನಿಂದ ಒದ್ದ. ಉರುಳಿದ, ಹೊರಳಿದ, ಪೊದೆಯೊಳಗೆ ದಡಾರನೆ ಬಿದ್ದ. ಆ ಸದ್ದಿಗೆ ಜಿಂಕೆಗಳೆಲ್ಲ ಚದುರಿ ಓಡಿಹೋದವು.

ಸ್ವಲ್ಪ ಹೊತ್ತಿನ ಮೇಲೆ ಪೊದೆಯಿಂದ ಒಂದು ಕೇಸರಿ ಉಂಡೆ ತೆವಳುತ್ತಾ ಹೊರಬಂತು. ಅದಕ್ಕೆ ಚಿರತೆಯ ಮುಖವಿತ್ತು.

"ನಾನು ಆಟವಾಡುತ್ತಿರಲಿಲ್ಲ," ಎಂದ ದುಗ್ಗಪ್ಪ ಮೇಲೆ ನೋಡದೆಯೇ. "ದಾರ ಗಟ್ಟಿಯಿದೆಯೋ ಇಲ್ಲವೋ ನೋಡುತ್ತಿದ್ದೆ." ಮೈಗೆ ಸುತ್ತಿದ್ದನ್ನು ಹಲ್ಲಿನಿಂದ ಹರಿದುಕೊಂಡು, ಬಾಲದಲ್ಲಿ ಒಂದಿಷ್ಟು ದಾರ ಎಳೆದುಕೊಂಡೇ ಕಾಡಿನೊಳಗೆ ಹೊರಟುಹೋದ.

ಮಾರನೆಯ ದಿನ ಬೆಳಿಗ್ಗೆ ಚೆನ್ನಿಗ ಉಳಿದ ದಾರವನ್ನೆಲ್ಲ ಆಯ್ದು, ಕೆರೆಯಲ್ಲಿ ತೊಳೆದು, ಪುಟ್ಟತಾಯಮ್ಮನ ಮುಂದೆ ತಂದಿಟ್ಟ.

"ಹೊನ್ನಿಯ ಮರಿಗಳು ಉಳಿದದ್ದು ನನ್ನಿಂದಲ್ಲ ಅಜ್ಜಿ," ಎಂದ ಪಿಸುದನಿಯಲ್ಲಿ. "ಅದು ಅವುಗಳ ಅದೃಷ್ಟ. ಮೊದಲಿನಿಂದ ಹೇಳಿಕೊಡಿ."

ಅಜ್ಜಿ ಬೈಯಲಿಲ್ಲ. ಮೊದಲಿನಿಂದ ಹೇಳಿಕೊಟ್ಟಳು. ಚೆನ್ನಿಗ ತುಟಿ ಬಿಗಿಹಿಡಿದು ಕೇಳಿದ. ಹರಿದ ಎಳೆಗಳನ್ನು ಗಂಟು ಹಾಕಿ ಹೆಣೆದದ್ದರಿಂದ ಈ ಸಲದ ಸ್ಕಾರ್ಫ್ ಗಿಡ್ಡವಾಗಿತ್ತು, ಅಲ್ಲಲ್ಲಿ ಗುಬುಟು ಗುಬುಟಾಗಿತ್ತು. ಆದರೆ ಕೊನೆಯ ಕುಣಿಕೆಗೆ ಗಟ್ಟಿ ಗಂಟು ಬಿದ್ದಿತ್ತು. ವಾರ ಕಳೆಯುವಷ್ಟರಲ್ಲಿ ಅವನ ಗಂಟಲು ತೆರೆದು, "ಖ್ಯಾಕ್, ಖ್ಯಾಕ್" ಕೂಗು ಕಾಡಿನ ಆಚೆ ತುದಿಗೂ ಕೇಳಿಸಿತು. ಜಿಂಕೆಗಳು ಓಡಿದವು.

ಬರಿದಾದ ದಡಕ್ಕೆ ದುಗ್ಗಪ್ಪ ಬಂದು ನಿಂತ. ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಮೆಲ್ಲಗೆ ಕೇಳಿದ: "ಏನಪ್ಪಾ ಚೆನ್ನಿಗ, ಮೊನ್ನೆಯ ಆ ದಾರ... ಸ್ವಲ್ಪ ಏನಾದರೂ... ಉಳಿದಿದೆಯಾ?"

ಚೆನ್ನಿಗ ಅವನ ಮಾತು ಪೂರ್ತಿ ಮುಗಿಯುವವರೆಗೂ ಕಾದ. ಆಮೇಲೆ, "ಇಲ್ಲ," ಎಂದ.

ನೀತಿ: ಹೇಳುವವರ ಮಾತನ್ನು ಕೊನೆಯವರೆಗೂ ಕೇಳಬೇಕು, ಅರ್ಧ ಕೇಳಿ ಮಾಡಿದ ಕೆಲಸ ಪೂರ್ತಿ ಕೆಡುತ್ತದೆ.