ಖಾಲಿ ಜೀಪಿನ ಭಾರ

ಅಡಿವೆಪ್ಪ ಕೊನೆಯ ಚೀಲ ಇಳಿಸಿದ. ಜೀಪಿನ ಹಿಂಭಾಗ ಮೇಲೇಳಲಿಲ್ಲ.

ಒಳಗೆ ಇಣುಕಿ ನೋಡಿದ. ಚೀಲ ಇಲ್ಲ, ಕೊಡ ಇಲ್ಲ. ಆದರೂ ಹಿಂದಿನ ಚಕ್ರಗಳು ಮಣ್ಣಿನಲ್ಲಿ ಊರಿದ್ದವು. ಜೀಪಿನ ಮೂತಿ ಮೇಲೆ ನೋಡುತ್ತಿತ್ತು.

ಅದು ಹೊಳೆಯ ದಂಡೆಯ ಒಂದು ಮಠ. ಕಟ್ಟೆಯ ಮೇಲೆ ಅಜ್ಜಾರು ಕುಳಿತು ಶೇಂಗಾ ಸುಲಿಯುತ್ತಿದ್ದರು. ಅಡಿವೆಪ್ಪ ಅವರ ಶಿಷ್ಯ. ಮಠದ ಜೀಪು ಓಡಿಸುವವನೂ ಅವನೇ.

“ಅಜ್ಜಾರ, ಗಾಡಿ ಹಿಂದ ಕುಂತೈತ್ರಿ.”

“ಏನು ಹೇರೀದಿ?”

“ಖಾಲಿ ಐತ್ರಿ.”

ಅಜ್ಜಾರು ಜೀಪಿನ ಕಡೆ ನೋಡಿದರು. ತುಸು ಹೊತ್ತು ನೋಡಿದರು. ಒಂದು ಕಾಳು ಬಾಯಿಗೆ ಹಾಕಿಕೊಂಡರು.

“ಎಂದಿನಿಂದ?”

“ಅಕ್ಕನ್ನ ಮಣ್ಣಿಗೆ ಒಯ್ದ ದಿನದಿಂದ. ಪಾಟಾ ಸವದಿರಬೇಕು. ಇನ್ನೊಂದು ಹಾಕಸ್ತೀನ್ರಿ.”

“ಹಾಕಸು.”

ಪಾಟಾ ಎಂದರೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿ. ಒಂದರ ಮೇಲೊಂದು ಪಾಟಾ ಇಟ್ಟು ಬಿಗಿದಿರುತ್ತಾರೆ. ಗಾಡಿಯ ಭಾರ ಹೊರುವವು ಅವೇ.

ಸೋಮವಾರ ಸಂಚಾರವಿತ್ತು. ಅಜ್ಜಾರು ಗುಡ್ಡದಾಚೆಯ ಊರುಗಳಿಗೆ ಹೋಗಬೇಕು. ಭಕ್ತರು ಕೊಟ್ಟ ಜೋಳ ಹೇರಿಕೊಂಡು ಜೀಪು ಅದೇ ಗುಡ್ಡ ಹತ್ತಿ ಬರಬೇಕು. ಮಠದ ಕಣಜ ತಳ ಕಂಡಿತ್ತು. ಜೋಳ ಬರದಿದ್ದರೆ ದಾಸೋಹದ ಒಲೆ ಆರುತ್ತದೆ.

ಹಿಂದೆ ಕುಸಿದ ಗಾಡಿ ಏರು ಹತ್ತುವಾಗ ಅದರ ಮುಂದಿನ ಚಕ್ರ ನೆಲ ಬಿಡುತ್ತದೆ. ಆಗ ಸ್ಟೇರಿಂಗ್ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ. ಗುಡ್ಡದ ದಾರಿಯ ಒಂದು ಮಗ್ಗುಲಿಗೆ ಕಮರಿ. ಮುಂದಿನ ಸೀಟಿನಲ್ಲಿ ಅಜ್ಜಾರು ಕುಳಿತಿರುತ್ತಾರೆ.

ಅಡಿವೆಪ್ಪ ಪೇಟೆಗೆ ಹೋದ.

ದಸ್ತಗೀರ ಮಿಸ್ತ್ರಿ ಜೀಪಿನ ಕೆಳಗೆ ತೂರಿದ. ಹೊರಗೆ ಬಂದು ಮೈ ಕೊಡವಿಕೊಂಡ.

“ಜೀಪೋ ಎಮ್ಮಿಯೋ, ಅಡಿವೆಪ್ಪಣ್ಣ? ಕುಂತದ್ದು ಏಳವೊಲ್ಲದು.”

“ಪಾಟಾ ಸವದಾವೇನು?”

“ನಿನ್ನ ಪಾಟಾ ನನ್ನ ಬೆನ್ನಿಗಿಂತ ಗಟ್ಟಿ ಅದಾವ. ಒಂದರಾಗೂ ಬಿರುಕಿಲ್ಲ.”

“ಆದರೂ ಒಂದು ಹಾಕು.”

“ಹಾಕ್ತೀನಿ. ಖಾಲಿ ಇದ್ದಾಗ ಎತ್ತಿ ಎತ್ತಿ ಒಗೀತೈತಿ. ಆಮ್ಯಾಲ ನಡ ಹಿಡೀತು ಅಂತ ನನ್ನ ಬೈಯಬ್ಯಾಡ.”

ಪಾಟಾ ಬಿಗಿದ ಮೇಲೆ ಜೀಪು ಎದ್ದು ನಿಂತಿತು. ಅಡಿವೆಪ್ಪನಿಗೆ ಸಮಾಧಾನವಾಯಿತು.

ಮಠದ ದಾರಿ ಕಲ್ಲಿನದು. ಪಾಟಾ ಬಿಗಿಯಾದ ಖಾಲಿ ಜೀಪು ಆ ದಾರಿಯಲ್ಲಿ ಕುಣಿಯಬೇಕು. ಕುಣಿಯಲಿಲ್ಲ. ಹೇರು ತುಂಬಿದ ಗಾಡಿಯ ಹಾಗೆ ಮೆತ್ತಗೆ ಸಾಗಿತು.

ಬಾವಿಯ ಹತ್ತಿರ ಒಬ್ಬ ಮುದುಕಿ ಕೈ ಅಡ್ಡ ಮಾಡಿದಳು.

“ತಮ್ಮಾ, ಹಿಂದ ಕುಂತಾಕಿ ಸೆರಗು ಹೊರಗ ಜೋಲಾಡಾಕತ್ತೈತಿ. ಗಾಲಿಗೆ ಸಿಕ್ಕೀತು. ಒಳಗ ತಗೊ ಅನ್ನು.”

ಅಡಿವೆಪ್ಪ ಹಿಂದೆ ತಿರುಗಲಿಲ್ಲ.

“ಹೇಳ್ತೀನವ್ವಾ,” ಅಂದ.

ಯಾಕೆ ಹಾಗೆ ಅಂದೆ ಎಂದು ಅವನಿಗೆ ತಿಳಿಯಲಿಲ್ಲ. ಗಾಡಿ ಜೋರು ಮಾಡಿದ.

ಮಠ ಮುಟ್ಟುವ ಹೊತ್ತಿಗೆ ಜೀಪು ಮತ್ತೆ ಹಿಂದೆ ಕುಳಿತಿತ್ತು. ಅಜ್ಜಾರು ಬಾಗಿಲಿಗೆ ಬಂದರು.

“ಹಾಕಿಸಿದಿ?”

“ಹಾಕಸೀನ್ರಿ. ಸಾಲಲಿಲ್ಲ.”

“ಇನ್ನೊಂದು ಹಾಕಸು.”

ಅಜ್ಜಾರು ನಗಲಿಲ್ಲ. ಒಳಗೆ ಹೋದರು.

ಈ ಸಲ ದಸ್ತಗೀರ ಲಾರಿಯ ದಪ್ಪ ಪಾಟಾ ಕಡಿದು, ಬಾಗಿಸಿ, ಜೋಡಿಸಿದ. ಹೊಸ ಬೋಲ್ಟು ಹಾಕಿದ. ಜೀಪಿನ ಹಿಂಭಾಗ ಹುಂಜದ ಹಾಗೆ ಎದ್ದಿತು.

“ಹತ್ರೋ ಎಲ್ಲಾರೂ,” ಎಂದು ಗ್ಯಾರೇಜಿನವರನ್ನು ಕರೆದ.

ಕೈಗೆ ಗ್ರೀಸ್ ಮೆತ್ತಿಕೊಂಡವರೆಲ್ಲ ಹಿಂದೆ ಹತ್ತಿ ನಿಂತರು. ಕುಣಿದರು. ಪಾಟಾ ಜಗ್ಗಲಿಲ್ಲ.

“ನೋಡು. ಇನ್ನ ಇದರಾಗ ಆನಿ ಹೇರು. ಬೇಕಾದ್ರ ಆನಿ ಬೀಗರನ್ನೂ ಹೇರು.”

ಎಲ್ಲರೂ ನಗುತ್ತ ಇಳಿದರು.

ಕಬ್ಬಿಣ ಕಿರುಗುಟ್ಟಿತು.

ನಗು ನಿಂತಿತು. ಯಾರೂ ಇಲ್ಲದ ಜೀಪು ಮೆಲ್ಲಗೆ ಕೆಳಗೆ ಬಂತು. ಮೊದಲು ಎಡಕ್ಕೆ ತುಸು ವಾಲಿತು. ಒಂದು ಗಳಿಗೆ ತಡೆಯಿತು. ಆಮೇಲೆ ಪೂರ್ತಿ ಕುಳಿತಿತು. ಮೊಣಕಾಲು ನೋಯುವವರು ಕೈಯೂರಿ ಕೂಡುವ ಹಾಗೆ.

ಅಡಿವೆಪ್ಪ ಅದನ್ನು ಗುರುತು ಹಿಡಿದ. ಅವನ ಅಕ್ಕ ಬಾಳವ್ವ ಹಾಗೆ ಕೂಡುತ್ತಿದ್ದಳು. ಒಲೆಯ ಮುಂದೆ, ಹೊಸ್ತಿಲ ಮೇಲೆ, ಅವನಿಗೆ ಉಣ್ಣಲು ಇಡುವಾಗ.

ದಸ್ತಗೀರ ಅರಿವೆಯಿಂದ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

“ಅಡಿವೆಪ್ಪಣ್ಣ, ಇಲ್ಲಿಗೆ ನನ್ನ ಕೆಲಸ ಮುಗೀತು. ಗಾಡಿ ತಗೊಂಡು ಹೋಗು. ನಿಮ್ಮ ಅಜ್ಜಾರನ್ನ ಕೇಳು.”

ಮರುದಿನ ಭಾನುವಾರ. ಅಡಿವೆಪ್ಪ ಅಜ್ಜಾರ ಮುಂದೆ ನಿಂತ.

“ನಾಳೆ ನೀವು ಈ ಗಾಡ್ಯಾಗ ಕೂಡಬ್ಯಾಡ್ರಿ.”

“ಯಾಕ?”

“ಗುಡ್ಡದಾಗ ಕಮರಿಗೆ ಬೀಳತೈತಿ.”

“ಜೋಳ?”

ಅಡಿವೆಪ್ಪ ಖಾಲಿ ಕಣಜದ ಕಡೆ ನೋಡಿದ.

“ಅಕ್ಕನ್ನ ಹ್ಯಾಂಗ ಒಯ್ದಿ?”

“ದವಾಖಾನಿಯಿಂದ ಊರಿಗೆ. ಹಿಂದ ಕೂಡಿಸಿಕೊಂಡು.”

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕುಳಿತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಅಲ್ಲಿಯವರೆಗೆ ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು, ಬೆನ್ನ ಹಿಂದೆ ತೋಳು ಹಾಕಿ, ಬೀಳದಂತೆ ಹಿಡಿದಿರಬೇಕು.

“ಹಿಡಕೊಂಡವರು ಯಾರು?”

ಅಡಿವೆಪ್ಪ ನೆಲ ನೋಡಿದ.

“ಹಗ್ಗರಿ.”

“ಯಾವ ಹಗ್ಗ?”

“ಚೀಲ ಕಟ್ಟೂದು.”

ಅಜ್ಜಾರು ಕಾದರು.

“ಅಕಿಗೆ ನನ್ನ ಬಿಟ್ರ ಯಾರೂ ಇರಲಿಲ್ರಿ. ಗಾಡಿ ನಾ ಹೊಡೀಬೇಕಿತ್ತು.”

“ಪೇಟ್ಯಾಗ ಬ್ಯಾರೆ ಡ್ರೈವರ್ ಇದ್ದಿಲ್ಲ?”

“ಕೇಳಲಿಲ್ರಿ.”

“ಮಣ್ಣು ಹಾಕಿದಿ?”

“ಇಲ್ರಿ. ಊರವರು ಇಳಿಸಿಕೊಂಡ್ರು. ಬ್ಯಾಟರಿ ಕೆಟ್ಟಿತ್ತು. ಎಂಜಿನ್ ಬಂದ್ ಮಾಡಿದ್ರ ಚಾಲೂ ಆಗೂದಿಲ್ಲ ಅಂತ ಗಾಡ್ಯಾಗ ಕುಂತಿದ್ದೆ.”

ಅಡಿವೆಪ್ಪನ ದನಿ ಏರಿತು.

“ನೀವ ಹೇಳಿದ್ರಿ. ಮಠಕ್ಕ ಬಂದ ದಿನ. ಮನಿ ಬಿಡು, ಅಕ್ಕನ್ನ ಬಿಡು ಅಂತ.”

“ಬಿಡು ಅಂದಿದ್ದೆ. ಕಟ್ಟು ಅಂದಿರಲಿಲ್ಲ.”

ಅಜ್ಜಾರು ಎದ್ದರು. ಕೈ ಚಾಚಿದರು.

“ಚಾವಿ ಕೊಡು.”

“ನಿಮಗ ಗಾಡಿ ಬರ್ತೈತೇನ್ರಿ?”

“ಕಾವಿ ಉಟಗೊಂಡ ಹುಟ್ಟೀನೇನು? ಲಾರಿ ಹೊಡೀತಿದ್ದೆ.”

“ನಾ ಎಲ್ಲಿ ಕೂಡ್ಲಿ?”

ಅಜ್ಜಾರು ಜೀಪಿನ ಕಡೆ ನಡೆದರು. ಸ್ಟೇರಿಂಗಿನ ಹಿಂದೆ ಹೋಗಿ ಕುಳಿತರು.

ಮಟಮಟ ಮಧ್ಯಾಹ್ನ. ದಾರಿಯಲ್ಲಿ ಒಂದು ಕಾಗೆಯೂ ಇರಲಿಲ್ಲ. ಅಡಿವೆಪ್ಪ ಹಿಂದೆ ಹತ್ತಿದ. ಸೀಟು ಬಿಸಿಲಿಗೆ ಕಾದು ಕೆಂಡವಾಗಿತ್ತು. ಎಡಗಡೆ ಒಂದು ಮೊಳದಷ್ಟು ಮಾತ್ರ ತಣ್ಣಗಿತ್ತು. ಅವನು ಅದರ ಪಕ್ಕಕ್ಕೆ ಕುಳಿತ.

ಕಂಬಿಗೆ ಹಗ್ಗ ಇನ್ನೂ ಕಟ್ಟಿತ್ತು. ಆ ದಿನದಿಂದ ಅವನು ಅದನ್ನು ಮುಟ್ಟಿರಲಿಲ್ಲ.

“ಬಿಚ್ಚು,” ಅಂದರು ಅಜ್ಜಾರು, ಮುಂದೆ ನೋಡುತ್ತಲೇ.

ಗಂಟು ಬಿಗಿದುಹೋಗಿತ್ತು. ಉಗುರಿಗೆ ಬರಲಿಲ್ಲ. ಹಲ್ಲು ಹಚ್ಚಿ ಬಿಚ್ಚಿದ. ಬಾಯಲ್ಲಿ ವಿಭೂತಿಯ ರುಚಿ ಉಳಿಯಿತು.

“ತೋಳು ಹಾಕು.”

ಅಡಿವೆಪ್ಪ ಖಾಲಿ ಜಾಗದ ಹಿಂದೆ ತೋಳು ಚಾಚಿದ. ಕೈಗೆ ಕಂಬಿ ಸಿಕ್ಕಿತು. ಬೇರೇನೂ ಸಿಗಲಿಲ್ಲ. ಅವನಿಗೆ ನಾಚಿಕೆಯಾಯಿತು.

ಎಂಜಿನ್ ಹೇಗೋ ಹತ್ತಿಕೊಂಡಿತು, ಜೀಪು ಹೊರಟಿತು.

ಮೊದಲ ಕಲ್ಲಿಗೆ ಗಾಡಿ ಹಾರಿತು. ಅವನ ಹೆಗಲಿಗೆ ಏನೋ ಬಂದು ತಾಗಿತು. ಮತ್ತೆ ಹೋಯಿತು.

ಎರಡನೆಯ ಕಲ್ಲಿಗೆ ಬಂದದ್ದು ಹೋಗಲಿಲ್ಲ. ನಿದ್ದೆ ಹೋದವರ ತಲೆಯಷ್ಟು ಭಾರವಿತ್ತು.

ಅಡಿವೆಪ್ಪ ಉಸಿರು ಹಿಡಿದ. ಪಕ್ಕಕ್ಕೆ ನೋಡಲಿಲ್ಲ. ಅವನ ಕೈ ಕಂಬಿ ಬಿಟ್ಟಿತು. ಗಾಳಿಯನ್ನು ಹಿಡಿಯಿತು. ಗಾಳಿ ಕೈ ತುಂಬ ಇತ್ತು.

“ಅಜ್ಜಾರ,” ಅಂದ.

“ನೆಟ್ಟಗ ಕೂಡಸು. ತಗ್ಗು ಬರ್ತೈತಿ.”

ತಗ್ಗು ಬಂತು. ಅವನು ತೋಳು ಬಿಗಿದ. ಭಾರ ಅವನ ಮೇಲೆ ಒರಗಿತು. ಬೀಳಲಿಲ್ಲ.

ಅಡಿವೆಪ್ಪನ ಊರಿನ ಮುಂದೆ ಹಳ್ಳ. ಅಜ್ಜಾರು ಗೇರು ಬದಲಿಸಿ ಗಾಡಿಯನ್ನು ನೀರಿಗೆ ಇಳಿಸಿದರು. ಹಿಂದೆ ತಗ್ಗಾಗಿದ್ದ ಜೀಪಿನೊಳಗೆ ನೀರು ಬಂತು. ಅಡಿವೆಪ್ಪನ ಪಾದ ತೋಯ್ದವು.

“ಅಕ್ಕಾ, ಕಾಲು ಮ್ಯಾಲ ತಗೊ,” ಅಂದ.

ಅವಳು ಸತ್ತ ಮೇಲೆ ಅವನು ಅವಳೊಡನೆ ಆಡಿದ ಮೊದಲ ಮಾತು ಅದು.

ಆಮೇಲೆ ಮಾತು ನಿಲ್ಲಲಿಲ್ಲ. ದವಾಖಾನೆಗೆ ಬರಲು ತಡವಾಯಿತು ಎಂದ. ಅವಳು ಹೇಳಿಕಳಿಸಿದ್ದಳು, ತಾನು ಎರಡು ದಿನ ಬಿಟ್ಟು ಬಂದೆ ಎಂದ. ಮಠದ ಸಾರು ಅವಳ ಸಾರಿನ ಹಾಗಿಲ್ಲ ಎಂದ. ಅಜ್ಜಾರು ಗಾಡಿ ಕೆಟ್ಟದಾಗಿ ಹೊಡೆಯುತ್ತಾರೆ, ಗಟ್ಟಿ ಕೂಡು ಎಂದ.

ಅಜ್ಜಾರು ಕೇಳಿಸದವರ ಹಾಗೆ ಇದ್ದರು.

ಮಣ್ಣು ಮಾಡುವ ಜಾಗ ಊರಾಚೆ, ಬೋಳು ದಿಬ್ಬ. ಅಜ್ಜಾರು ಎಂಜಿನ್ ಬಂದ್ ಮಾಡಿದರು. ಇಳಿದು ಬಂದು ಹಿಂದಿನ ಬಾಗಿಲು ತೆರೆದರು.

“ಇಳಿಸು.”

“ಹ್ಯಾಂಗ್ರಿ?”

“ನಿನ್ನ ಅಕ್ಕನ್ನ ಇಳಿಸೂದು ನನ್ನ ಕೇಳ್ತಿ?”

ಅಡಿವೆಪ್ಪ ಕೆಳಗೆ ನಿಂತು ಎರಡೂ ಕೈ ಒಡ್ಡಿದ. ಕೈ ಜಗ್ಗಿದವು. ಬೆನ್ನು ಬಾಗಿಸಿಕೊಂಡು ನಡೆದ. ಬಿಸಿಲಿನಲ್ಲಿ ಅವನ ನೆರಳು ಒಬ್ಬನ ನೆರಳಿನಷ್ಟೇ ಇತ್ತು. ಹೆಜ್ಜೆ ಮಾತ್ರ ಆಳವಾಗಿ ಮೂಡಿತು.

ಅಕ್ಕನ ಗುಂಡಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು. ಎಷ್ಟೋ ದಿನವಾಗಿದ್ದರೂ ಬಿಸಿಲು ಅದನ್ನು ಒಣಗಿಸಿರಲಿಲ್ಲ. ಅವನು ಮೊಣಕಾಲೂರಿದ. ತೋಳು ಸಡಿಲಿಸಿದ. ಒಂದು ಹಿಡಿ ಮಣ್ಣು ಹಾಕಿದ. ಆಮೇಲೆ ಅತ್ತ.

ಹಿಂದೆ ಕಬ್ಬಿಣ ಕಿರುಗುಟ್ಟಿತು. ಜೀಪಿನ ಹಿಂಭಾಗ ಒಂದೊಂದೇ ಬೆರಳು ಮೇಲೆ ಬಂತು. ಹಾಕಿಸಿದ ಪಾಟಾಗಳೆಲ್ಲ ಒಮ್ಮೆಗೇ ಎದ್ದು, ಗಾಡಿ ಮುಂದಕ್ಕೆ ಮುಗ್ಗರಿಸುವ ಹಾಗೆ ನಿಂತಿತು.

ಅಜ್ಜಾರು ಚಾವಿ ತಿರುವಿದರು. ಟಕ್ ಎಂದಿತು. ಇನ್ನೊಮ್ಮೆ ತಿರುವಿದರು.

“ಬ್ಯಾಟರಿ ಖರೇನ ಕೆಟ್ಟೈತಲ್ಲೋ.”

“ಸುಳ್ಳು ಹೇಳಿದ್ನೇನ್ರಿ?” ಅಡಿವೆಪ್ಪ ಕಣ್ಣೊರೆಸಿಕೊಂಡ.

“ನೂಕು.”

ಅವನು ನೂಕಿದ. ಇಳಿಜಾರಿನಲ್ಲಿ ಎಂಜಿನ್ ಹತ್ತಿಕೊಂಡಿತು. ವಾಪಸು ಬರುವಾಗ ಖಾಲಿ ಜೀಪು ದಾರಿಯುದ್ದಕ್ಕೂ ಕುಣಿಯಿತು. ಅಜ್ಜಾರ ತಲೆ ಜೀಪಿನ ಚಾವಣಿಗೆ ಬಡಿಯಿತು.

“ಹೆಚ್ಚಿನ ಪಾಟಾ ತೆಗಸ್ಲೇನ್ರಿ?”

“ಇರ್ಲಿ. ಜೋಳ ಹೇರಬೇಕು.”

ಸೋಮವಾರ ಸಂಚಾರ ಹೊರಟಿತು. ಗುಡ್ಡದಾಚೆಯ ಊರುಗಳಲ್ಲಿ ಭಕ್ತರು ಅಜ್ಜಾರ ಪಾದಕ್ಕೆ ನೀರೆರೆದರು. ಚೀಲ ತಂದು ಜೀಪಿಗೆ ಒಟ್ಟಿದರು. ಹೇರು ಏರಿದಂತೆ ಜೀಪು ಇಳಿಯಿತು. ಕೊನೆಯ ಚೀಲಕ್ಕೆ ಮಟ್ಟಸವಾಗಿ ನಿಂತಿತು.

ಸಂಜೆಯ ಮುಂದೆ ಗುಡ್ಡ ಹತ್ತಿದರು. ಅಡಿವೆಪ್ಪ ಸ್ಟೇರಿಂಗ್ ಹಿಡಿದಿದ್ದ. ಅಜ್ಜಾರು ಪಕ್ಕದಲ್ಲಿದ್ದರು. ಎಲ್ಲಕ್ಕಿಂತ ಕಡಿದಾದ ತಿರುವಿನಲ್ಲಿ, ಕಮರಿಯ ಅಂಚಿನಲ್ಲಿ, ಮುಂದಿನ ಚಕ್ರ ನೆಲ ಕಚ್ಚಿ ಹಿಡಿಯಿತು. ಗಾಡಿ ತಿರುಗಿತು.

ಮೇಲೆ ಮುಟ್ಟಿದ ಮೇಲೆ ಅಡಿವೆಪ್ಪ ಉಸಿರು ಬಿಟ್ಟ.

ಅಜ್ಜಾರು ದಾರಿ ನೋಡುತ್ತಿದ್ದರು.

“ನನ್ನನ್ನೂ ಒಂದಿನ ಹಿಂದ ಕೂಡಸ್ತಿ,” ಅಂದರು. “ಆವತ್ತು ಗಾಡಿ ನೀ ಹೊಡೀಬ್ಯಾಡ.”