ಸಂದಿಗೆ ಬಿದ್ದ ಸೂಜಿ

ಒಂದು ಕೌದಿ ಇತ್ತು. ಹಳೇ ಸೀರೆ ಕೂಡಿಸಿ ಹೊಲಿದ ಮೆತ್ತನೆ ಕೌದಿ. ಹೊಲಿದವಳು ಫಕೀರವ್ವಜ್ಜಿ. ಮೂರು ಮೂಲೆಗೆ ಮೂರು ಬಟ್ಟೆ ಹೂವು ಕೂತಿದ್ದವು. ನಾಲ್ಕನೇ ಮೂಲೆ ಖಾಲಿ. ಹೂವಿಲ್ಲದ ಮೂಲೆ ಅಂದರೆ ಬೆತ್ತಲೆ ಕೌದಿ, ಅದನ್ನು ತೊಟ್ಟಿಲಿಗೆ ಹಾಕುವಂತಿಲ್ಲ ಅನ್ನುವವಳು ಅಜ್ಜಿ. ಇವತ್ತೇ ಮೊಮ್ಮಗಳ ಕೂಸು ತೊಟ್ಟಿಲು ಏರಬೇಕು. ಕೂಸಿಗೆ ನಿದ್ದೆ ಬಂದಿದೆ. ಕುಂಯ್!

ಅಷ್ಟರಲ್ಲಿ ಸೂಜಿ ಜಾರಿತು. ಟಿಣ್! ನೆಲದ ಕಲ್ಲಿನ ಸಂದಿಗೆ ಬಿತ್ತು. ಮನೆಯಲ್ಲಿ ಇದ್ದದ್ದು ಅದೊಂದೇ ಸೂಜಿ. ಅಜ್ಜಿ ಬೆರಳು ತೂರಿಸಿದಳು. ಬೆರಳು ದಪ್ಪ, ಸಂದಿ ಸಣ್ಣ. ಅಜ್ಜಿಗೆ ಅಳುವೇ ಬಂತು.

ಅಜ್ಜಿ ಉದ್ದನೆ ಮೊಳೆಯ ಹತ್ತಿರ ಹೋದಳು.

“ಮೊಳಿಯಪ್ಪಾ, ಮೊಳಿಯಪ್ಪಾ, ಸೂಜಿ ಎತ್ತಿಕೊಡೋ. ಸೂಜಿ ಬಂದ್ರ ಹೂವು, ಹೂವಾದ್ರ ಕೌದಿ, ಕೌದಿಯಾದ್ರ ಕೂಸಿಗೆ ನಿದ್ದಿ.”

“ನಾ ಒಲ್ಲೆ,” ಅಂದಿತು ಮೊಳೆ. “ನನಗ ಎಳಿಯೋ ಶಕ್ತಿ ಎಲ್ಲೈತಿ? ತಂತಿ ಬಂದು ನನ್ನ ಮೈಗೆಲ್ಲ ಸುತ್ತಲಿ.”

ಕೂಸು ಕುಂಯ್, ಕುಂಯ್ ಅಂದಿತು.

ಅಜ್ಜಿ ಕೆಂಪು ತಂತಿಯ ಹತ್ತಿರ ಹೋದಳು.

“ತಂತೆವ್ವಾ, ತಂತೆವ್ವಾ, ಮೊಳಿಗೆ ಸುತ್ತಿಕೋ. ನೀ ಸುತ್ತಿದ್ರ ಮೊಳಿ ಎಳಿತೈತಿ, ಮೊಳಿ ಎಳದ್ರ ಸೂಜಿ, ಸೂಜಿ ಬಂದ್ರ ಹೂವು, ಹೂವಾದ್ರ ಕೌದಿ, ಕೌದಿಯಾದ್ರ ಕೂಸಿಗೆ ನಿದ್ದಿ.”

“ನಾ ಒಲ್ಲೆ,” ಅಂದಿತು ತಂತಿ. “ಬರೇ ಸುತ್ತಿದ್ರೇನು ಬಂತು? ನನ್ನೊಳಗ ಕರೆಂಟ್ ಓಡಬೇಕು. ಗ್ವಾಡಿ ಪ್ಲಗ್ಗಿನ ತಂಟೇಕ್ಕ ಹೋಗಬ್ಯಾಡ, ಅದು ಹೊಡಿತೈತಿ. ಗಡಿಯಾರದ ಪುಟ್ಟ ಸೆಲ್ ತಾ.”

ಅಜ್ಜಿ ಗೋಡೆ ಗಡಿಯಾರದ ಹತ್ತಿರ ಹೋದಳು.

“ಗಡಿಯಾರಪ್ಪಾ, ಗಡಿಯಾರಪ್ಪಾ, ಸೆಲ್ ಕೊಡೋ. ಸೆಲ್ ಕೊಟ್ರ ತಂತಿ ಸುತ್ತತೈತಿ, ತಂತಿ ಸುತ್ತಿದ್ರ ಕರೆಂಟ್ ಓಡತೈತಿ, ಕರೆಂಟ್ ಓಡಿದ್ರ ಮೊಳಿ ಎಳಿತೈತಿ, ಮೊಳಿ ಎಳದ್ರ ಸೂಜಿ, ಸೂಜಿ ಬಂದ್ರ ಹೂವು, ಹೂವಾದ್ರ ಕೌದಿ, ಕೌದಿಯಾದ್ರ ಕೂಸಿಗೆ ನಿದ್ದಿ.”

“ಟಿಕ್ ಟಿಕ್, ಒಲ್ಲೆ! ನನ್ನ ಹೊಟ್ಟ್ಯಾಗೂ ಸುತ್ತಿದ ತಂತಿ ಐತಿ, ಚೂರು ಅಯಸ್ಕಾಂತ ಐತಿ. ಸೆಲ್ ಇದ್ರನ ನನ್ನ ಮುಳ್ಳು ತಿರಗತೈತಿ. ನಾ ನಿಂತ್ರ ಹೊತ್ತು ಹೇಳೋರು ಯಾರು? ಹುಂಜ ಕೂಗಲಿ, ಕೊಡ್ತೀನಿ.”

ಕೂಸು ಕುಂಯ್, ಕುಂಯ್, ಊಂ... ಅಂದಿತು. ಅಜ್ಜಿ ಅಂಗಳಕ್ಕೆ ಓಡಿದಳು.

“ಹುಂಜಪ್ಪಾ, ಹುಂಜಪ್ಪಾ, ಕೂಗೋ. ನೀ ಕೂಗಿದ್ರ ಗಡಿಯಾರ ಸೆಲ್ ಕೊಡತೈತಿ, ಸೆಲ್ ಕೊಟ್ರ ತಂತಿ ಸುತ್ತತೈತಿ, ತಂತಿ ಸುತ್ತಿದ್ರ ಕರೆಂಟ್ ಓಡತೈತಿ, ಕರೆಂಟ್ ಓಡಿದ್ರ ಮೊಳಿ ಎಳಿತೈತಿ, ಮೊಳಿ ಎಳದ್ರ ಸೂಜಿ, ಸೂಜಿ ಬಂದ್ರ ಹೂವು, ಹೂವಾದ್ರ ಕೌದಿ, ಕೌದಿಯಾದ್ರ ಕೂಸಿಗೆ ನಿದ್ದಿ. ಉಸ್ಸಪ್ಪಾ!”

“ಹಸದ ಹೊಟ್ಟಿಲೆ ಯಾರರ ಕೂಗ್ತಾರೇನು? ಜೋಳ ಹಾಕು.”

“ಅಯ್ಯ, ಇಷ್ಟೇನಾ!” ಅಂದಳು ಅಜ್ಜಿ. ಒಂದು ಹಿಡಿ ಜೋಳ ಹಾಕಿದಳು.

ಜೋಳ ತಿಂದು ಹುಂಜ ಕೂಗಿತು. ಕೊಕ್ಕೊಕ್ಕೋ! ಹುಂಜ ಕೂಗಿದ್ದಕ್ಕೆ ಗಡಿಯಾರ ಸೆಲ್ ಕೊಟ್ಟಿತು. ಸೆಲ್ ಬಂದದ್ದಕ್ಕೆ ತಂತಿ ಮೊಳೆಗೆ ಸುತ್ತಿತು. ಸುತ್ತು, ಸುತ್ತು, ಸುತ್ತು, ಸುತ್ತು! ಅಜ್ಜಿ ತಂತಿಯ ತುದಿಯನ್ನು ಸೆಲ್ಲಿಗೆ ಹಚ್ಚಿದಳು. ಮೊಳೆ ಸಂದಿಗೆ ಇಳಿಯಿತು.

ಸೂಜಿ ಅಲುಗಲೇ ಇಲ್ಲ!

ತಂತಿ ಕಿಸಕ್ಕನೆ ನಕ್ಕಿತು. ಅಜ್ಜಿ ಹಚ್ಚಿದ್ದು ಒಂದೇ ತುದಿ. ಹೊಲಿಯುವ ಕೈ ನೋಡಿ, ದಾರಕ್ಕೆ ಒಂದೇ ತುದಿಗೆ ಗಂಟು ಹಾಕಿ ರೂಢಿ.

“ಅಜ್ಜೀ, ನಾ ದಾರ ಅಲ್ಲ! ಸೆಲ್ಲಿನ ಈ ಕಡಿಯಿಂದ ಹೊಂಟ ಕರೆಂಟ್ ಆ ಕಡಿಗೆ ತಿರುಗಿ ಬರಬೇಕು. ಎರಡೂ ತುದಿ ಹಚ್ಚು.”

ಅಜ್ಜಿ ಸೆಲ್ಲಿನ ಆ ಕಡೆಗೊಂದು, ಈ ಕಡೆಗೊಂದು ತುದಿ ಹಚ್ಚಿದಳು. ಕರೆಂಟ್ ಓಡಿತು. ಕರೆಂಟ್ ಓಡಿದ್ದಕ್ಕೆ ಮೊಳೆ ಅಯಸ್ಕಾಂತ ಆಯಿತು. ಅಯಸ್ಕಾಂತ ಆದದ್ದಕ್ಕೆ ಸೂಜಿ ಟಕ್ಕನೆ ಅಂಟಿಕೊಂಡಿತು. ಮೇಲೆ ಬಂತು, ಬಂತು, ಬಂದೇ ಬಿಟ್ಟಿತು!

“ಇನ್ನ ಬಿಡೋ ಮೊಳಿಯಪ್ಪಾ!”

ಅಜ್ಜಿ ತಂತಿಯ ತುದಿ ತೆಗೆದಳು. ಕರೆಂಟ್ ನಿಂತಿತು. ಮೊಳೆ ಮತ್ತೆ ಬರೀ ಮೊಳೆ. ಸೂಜಿ ಅಜ್ಜಿಯ ಅಂಗೈಗೆ ಬಿತ್ತು. ಅಜ್ಜಿಗೆ ಕುಣಿಯುವಷ್ಟು ಖುಷಿ. ಸೆಲ್ ಗಡಿಯಾರಕ್ಕೆ ಹೋಯಿತು, ಟಿಕ್ ಟಿಕ್ ಟಿಕ್.

ಸೂಜಿ ಬಂತು, ಹೂವಾಯಿತು. ಹೂವಾಯಿತು, ಕೌದಿ ಮುಗಿಯಿತು. ಕೌದಿ ಮುಗಿಯಿತು, ಕೂಸು ತೊಟ್ಟಿಲು ಏರಿತು. ಹೊಸ ಕೌದಿ ಮೇಲೆ ಕೂಸು ಮೊದಲು ಏನು ಮಾಡಿತು ಗೊತ್ತೇ?

ಸುಸ್ಸು!

ಆಮೇಲೆ ಹಾಯಾಗಿ ನಿದ್ದೆ ಹೋಯಿತು. ಕೌದಿ ಹೋಯಿತು ಬಿಸಿಲಿಗೆ, ಕಥೆ ಬಂತು ನಿಮ್ಮ ಮನೆಗೆ.